ಸಣ್ಣ ಭೂಕಂಪ: ಅದು ಹೇಳುವುದೇನು, ಹೇಳದಿರುವುದೇನು?

2022ರ ಜೂನ್ ತಿಂಗಳ ಕೊನೆಯ ವಾರದಲ್ಲಿ ಕೊಡಗು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಗಡಿಭಾಗದಲ್ಲಿ ನೆಲ ಹಲವು ಸಲ ನಡುಗಿತು. 25ನೇ ತಾರೀಕು ಕರಿಕೆಯ ಬಳಿ 2.3, 28ನೇ ತಾರೀಕು ಬೆಳಿಗ್ಗೆ ಚೆಂಬು ಗ್ರಾಮದ ಬಳಿ 3.0 ಎಂದು ಮಾಪಕಗಳಲ್ಲಿ ದಾಖಲಾಯಿತು. ಸಂಪಾಜೆ, ಸುಳ್ಯದ ಕಡೆಯ ಮನೆಗಳಲ್ಲಿ ಪಾತ್ರೆಗಳು ಸದ್ದು ಮಾಡಿದವು. ಕೆಲವು ಗೋಡೆಗಳಲ್ಲಿ ಬಿರುಕು ಕಾಣಿಸಿತು. ಗುಡುಗಿನಂತಹ ಶಬ್ದ ಕೇಳಿ ಜನ ಅಂಗಳಕ್ಕೆ ಓಡಿ ಬಂದರು. ಮಳೆಗಾಲದ ಆರಂಭ ಬೇರೆ. 2018ರ ಗುಡ್ಡ ಕುಸಿತವನ್ನು ಕಂಡವರಿಗೆ ಆ ವಾರ ನಿದ್ದೆ ಬರಲಿಲ್ಲವೆಂದರೆ ಆಶ್ಚರ್ಯವಿಲ್ಲ.

ಅಂದಿನಿಂದ ನಮ್ಮ ಸದಸ್ಯರ ನಡುವೆ ಮೂರು ಮಾತುಗಳು ಓಡಾಡುತ್ತಿವೆ. ಮೊದಲನೆಯದು, “ಸಣ್ಣ ನಡುಕ ಬಂದರೆ ಒಳ್ಳೆಯದೇ, ಭೂಮಿಯ ಒತ್ತಡ ಸ್ವಲ್ಪ ಸ್ವಲ್ಪವಾಗಿ ಇಳಿದುಹೋಗುತ್ತದೆ” ಎಂಬುದು. ಎರಡನೆಯದು ಅದಕ್ಕೆ ತೀರ ವಿರುದ್ಧ: “ಇದು ಮುನ್ಸೂಚನೆ, ದೊಡ್ಡದು ಹಿಂದೆಯೇ ಬರುತ್ತದೆ.” ಮೂರನೆಯದು, “ಗುಡ್ಡ ಜರಿಯುವುದು ಈ ನಡುಕದಿಂದಲೇ” ಎಂಬ ಮಾತು. ಈ ಮೂರರಲ್ಲಿ ಯಾವುದು ಎಷ್ಟು ನಿಜ ಎಂಬುದನ್ನು ತೂಗಿ ನೋಡುವುದು ಈ ಲೇಖನದ ಉದ್ದೇಶ. ಇದು ಕೇವಲ ತಿಳುವಳಿಕೆಯ ವಿಷಯವಲ್ಲ. ಮೊದಲ ಮಾತನ್ನು ನಂಬಿದವನು ಏನೂ ಮಾಡದೆ ಕೂರುತ್ತಾನೆ; ಎರಡನೆಯದನ್ನು ನಂಬಿದವನು ವಾರಗಟ್ಟಲೆ ಹೊರಗೆ ಮಲಗಿ ಆಮೇಲೆ ಎಲ್ಲವನ್ನೂ ಮರೆಯುತ್ತಾನೆ; ಮೂರನೆಯದನ್ನು ನಂಬಿದವನು ತಾನು ಕಡಿದ ಬರೆಯ ಕಡೆ ತಿರುಗಿಯೂ ನೋಡುವುದಿಲ್ಲ.

ನೆಲ ನಡುಗುವ ಬಗೆ

ಒಣಕಾಫಿ ತುಂಬಿದ ಚೀಲವೊಂದಕ್ಕೆ ಸೈಕಲ್ಲಿನ ಹಳೆಯ ರಬ್ಬರ್ ಟ್ಯೂಬು ಕಟ್ಟಿ ಸಿಮೆಂಟು ಕಣದ ಮೇಲೆ ನಿಧಾನವಾಗಿ ಎಳೆದು ನೋಡಿ. ನೀವು ಎಳೆಯುತ್ತಲೇ ಇದ್ದರೂ ಚೀಲ ಮೊದಲು ಅಲುಗುವುದಿಲ್ಲ. ಟ್ಯೂಬು ಮಾತ್ರ ಉದ್ದವಾಗುತ್ತ ಹೋಗುತ್ತದೆ. ಒಂದು ಹಂತದಲ್ಲಿ ಚೀಲ ಥಟ್ಟನೆ ಒಂದು ಗೇಣು ಮುಂದಕ್ಕೆ ಜಾರಿ ಮತ್ತೆ ನಿಲ್ಲುತ್ತದೆ. ಎಳೆತ ಒಂದೇ ಸಮನೆ, ಚಲನೆ ಮಾತ್ರ ಜಗ್ಗಿ ಜಗ್ಗಿ. ಭೂಕಂಪವೆಂದರೆ ಇದೇ. ಭೂಮಿಯ ಮೇಲ್ಪದರದ ಬಂಡೆಗಳಲ್ಲಿ ಹಳೆಯ ಬಿರುಕುಗಳಿವೆ. ಅವುಗಳನ್ನು ಸ್ತರಭಂಗ ಎನ್ನುತ್ತಾರೆ. ಎರಡು ಮಗ್ಗುಲ ಬಂಡೆಗಳೂ ಘರ್ಷಣೆಯಿಂದ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ದೂರದ ಒತ್ತಡ ವರ್ಷಗಟ್ಟಲೆ ಬಂಡೆಯನ್ನು ಟ್ಯೂಬಿನಂತೆ ಬಾಗಿಸುತ್ತದೆ. ಕಚ್ಚಿಕೊಂಡ ಜಾಗ ತಡೆಯಲಾರದೆ ಜಾರಿದಾಗ, ಕೂಡಿಟ್ಟ ಶಕ್ತಿಯ ಒಂದು ಭಾಗ ಅಲೆಗಳಾಗಿ ಸುತ್ತಲೂ ಹರಡುತ್ತದೆ.

ಈ ಅಲೆಗಳಲ್ಲಿ ಎರಡು ಮುಖ್ಯ ಬಗೆ. ಮೊದಲು ಬರುವುದು ತಳ್ಳು ಅಲೆ. ಗಟ್ಟಿ ಬಂಡೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 6 ಕಿಲೋಮೀಟರು. ಹಿಂದಿನಿಂದ ಬರುವುದು ಅಡ್ಡಡ್ಡ ಕುಲುಕುವ ಅಲೆ. ಅದರ ವೇಗ ಸೆಕೆಂಡಿಗೆ ಸುಮಾರು 3.5 ಕಿಲೋಮೀಟರು. ಗೋಡೆಗೆ ಹೆಚ್ಚು ಹಾನಿ ಮಾಡುವುದು ಈ ಎರಡನೆಯದು. ತಳ್ಳು ಅಲೆ ನೆಲದಿಂದ ಗಾಳಿಗೆ ದಾಟಿದಾಗ ಶಬ್ದವಾಗಿ ಕೇಳಬಹುದು. ನಮ್ಮ ಕಡೆಯ ಬಂಡೆ ಬಹಳ ಹಳೆಯದು, ಗಟ್ಟಿ. ಅಂತಹ ಬಂಡೆ ಅಲೆಗಳನ್ನು ಹೆಚ್ಚು ಸವೆಸದೆ ಸಾಗಿಸುತ್ತದೆ. ಆದ್ದರಿಂದಲೇ ಎರಡು ಮೂರರ ಸಣ್ಣ ಕಂಪನಕ್ಕೂ ಇಲ್ಲಿ ಗುಡುಗಿನ ಸದ್ದು ಕೇಳುತ್ತದೆ. ಸದ್ದು ದೊಡ್ಡದಾಗಿದ್ದ ಮಾತ್ರಕ್ಕೆ ಕಂಪನ ದೊಡ್ಡದೆಂದು ತಿಳಿಯಬಾರದು.

ಇಲ್ಲಿ ಒಂದು ಸುಲಭ ಲೆಕ್ಕವಿದೆ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿ ಸಿಡಿಲಿನ ದೂರ ಅಂದಾಜು ಮಾಡುವುದುಂಟಲ್ಲ, ಹಾಗೆಯೇ ಮೊದಲ ಗುಡುಗುಡು ಸದ್ದಿಗೂ ಆಮೇಲಿನ ಜೋರು ಕುಲುಕಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿ ಎಂಟರಿಂದ ಗುಣಿಸಿದರೆ ಕಂಪನ ಹುಟ್ಟಿದ ಜಾಗ ಸುಮಾರು ಎಷ್ಟು ಕಿಲೋಮೀಟರು ದೂರವೆಂದು ತಿಳಿಯುತ್ತದೆ. ಎರಡೂ ಒಟ್ಟಿಗೇ ಬಂದಂತೆ ಅನಿಸಿದರೆ ಅದು ತೀರ ಹತ್ತಿರದ್ದು. ಐದು ಸೆಕೆಂಡು ಅಂತರವಿದ್ದರೆ ನಲವತ್ತು ಕಿಲೋಮೀಟರು ದೂರದ್ದು. ದೂರದಿಂದ ಬಂದೂ ಜೋರಾಗಿ ಕುಲುಕಿದರೆ ಮೂಲದಲ್ಲಿ ಅದು ದೊಡ್ಡದೇ ಇರಬೇಕು.

ಪರಿಮಾಣ ಬೇರೆ, ತೀವ್ರತೆ ಬೇರೆ

ಪತ್ರಿಕೆಗಳು ಎರಡಕ್ಕೂ ತೀವ್ರತೆ ಎಂಬ ಒಂದೇ ಪದ ಬಳಸುವುದರಿಂದ ಗೊಂದಲವಾಗುತ್ತದೆ. ಮೂಲದಲ್ಲಿ ಎಷ್ಟು ಶಕ್ತಿ ಬಿಡುಗಡೆಯಾಯಿತೆಂಬುದು ಪರಿಮಾಣ. 2.3, 3.0 ಎಂದು ಹೇಳುವುದು ಅದನ್ನೇ. ಒಂದು ಭೂಕಂಪಕ್ಕೆ ಒಂದೇ ಪರಿಮಾಣ. ಒಂದೊಂದು ಊರಿನಲ್ಲಿ ನೆಲ ಎಷ್ಟು ಕುಲುಕಿತೆಂಬುದು ತೀವ್ರತೆ. ಅದು ಊರಿಂದೂರಿಗೆ ಬೇರೆ. ಪೆಟ್ರೋಮ್ಯಾಕ್ಸ್ ದೀಪದ ಶಕ್ತಿ ಒಂದೇ ಆದರೂ ಜಗಲಿಯಲ್ಲಿ ಕುಳಿತವನಿಗೆ ಸಿಗುವ ಬೆಳಕು ಬೇರೆ, ಕೊಟ್ಟಿಗೆಯಲ್ಲಿರುವವನಿಗೆ ಸಿಗುವುದು ಬೇರೆ. ಗದ್ದೆ ತುಂಬಿಸಿದ ಮೆತ್ತನೆಯ ಮಣ್ಣಿನ ಮೇಲಿನ ಮನೆ ಹೆಚ್ಚು ಕುಲುಕುತ್ತದೆ. ಅದೇ ದೂರದಲ್ಲಿ ಬಂಡೆಯ ಮೇಲಿರುವ ಮನೆ ಕಡಿಮೆ.

ಪರಿಮಾಣದ ಅಂಕಿಯಲ್ಲಿ ಒಂದು ಮೋಸವಿದೆ. ಮೂರಕ್ಕಿಂತ ಆರು ಎರಡು ಪಟ್ಟು ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಒಂದು ಅಂಕಿ ಮೇಲೇರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಎರಡು ಅಂಕಿ ಏರಿದರೆ ಸಾವಿರ ಪಟ್ಟು. ನಾಲ್ಕು ಅಂಕಿಗೆ ಹತ್ತು ಲಕ್ಷ ಪಟ್ಟು. ಈ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಗಢವಾಲದ ಬೆಟ್ಟಗಳಲ್ಲಿ

ಮೊದಲ ಮಾತನ್ನು ಪರೀಕ್ಷಿಸಬೇಕಾದರೆ ಸಣ್ಣ ನಡುಕ ಅಪರೂಪವಾಗಿರುವ ನಮ್ಮ ಘಟ್ಟಕ್ಕಿಂತ, ಅದು ನಿತ್ಯದ ಮಾತಾಗಿರುವ ಪರ್ವತ ಪ್ರದೇಶವನ್ನು ನೋಡುವುದು ಮೇಲು. ಉತ್ತರಾಖಂಡದ ಗಢವಾಲ ಅಂತಹದು. ಉತ್ತರಕಾಶಿ, ಚಮೋಲಿ ಜಿಲ್ಲೆಗಳಲ್ಲಿ ಮೂರು ನಾಲ್ಕರ ಕಂಪನ ಬಂದರೆ ಅದು ದೊಡ್ಡ ಸುದ್ದಿಯಲ್ಲ.

ಅದಕ್ಕೆ ಕಾರಣ ಹೀಗೆ. ನಾವು ನಿಂತಿರುವ ಭಾರತದ ಭೂಫಲಕ ವರ್ಷಕ್ಕೆ ನಾಲ್ಕೈದು ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿದು ಏಷ್ಯಾದ ಫಲಕವನ್ನು ಒತ್ತುತ್ತಿದೆ. ಇದರಲ್ಲಿ ಸುಮಾರು ಎರಡು ಸೆಂಟಿಮೀಟರು ಹಿಮಾಲಯದ ಅಡಿಯಲ್ಲಿ ಬಾಕಿಯಾಗಿ ಉಳಿಯುತ್ತದೆ. ತಪ್ಪಲಿನಿಂದ ಎತ್ತರದ ಹಿಮಶಿಖರಗಳ ಬುಡದವರೆಗೆ ನಮ್ಮ ಫಲಕವೂ ಮೇಲಿನ ಬೆಟ್ಟಗಳೂ ಕಚ್ಚಿಕೊಂಡಿವೆ. ಅದರಾಚೆ, ಇನ್ನೂ ಆಳದಲ್ಲಿ, ಬಿಸಿಯಿಂದ ಮೆತ್ತಗಾದ ಬಂಡೆ ಸದ್ದಿಲ್ಲದೆ ಸರಿಯುತ್ತದೆ. ಕಚ್ಚಿಕೊಂಡ ಭಾಗವೂ ಸರಿಯುವ ಭಾಗವೂ ಸೇರುವಲ್ಲಿ, ಹತ್ತಿಪ್ಪತ್ತು ಕಿಲೋಮೀಟರು ಆಳದಲ್ಲಿ, ಒತ್ತಡ ಹೆಚ್ಚು. ಹಿಮಾಲಯದ ಸಣ್ಣ ಕಂಪನಗಳಲ್ಲಿ ಹೆಚ್ಚಿನವು ಈ ಸೇರುಪಟ್ಟಿಯಲ್ಲಿ ಹುಟ್ಟುತ್ತವೆ. ಬಿಗಿಯಾಗಿ ಮುಚ್ಚಿದ ಬಾಗಿಲನ್ನು ಹೊರಗಿನಿಂದ ತಳ್ಳಿದಾಗ ಚೌಕಟ್ಟಿನ ಅಂಚಿನಲ್ಲಿ ಕಿರ್ ಕಿರ್ ಎಂಬ ಸದ್ದು ಬರುತ್ತದೆ. ಬಾಗಿಲು ಮಾತ್ರ ತೆರೆದಿಲ್ಲ. ಸಣ್ಣ ಕಂಪನಗಳು ಆ ಕಿರುಗುಟ್ಟುವಿಕೆ.

ಒತ್ತಡ ಇಳಿಯುತ್ತದೆಯೇ?

ಈಗ ಲೆಕ್ಕ ಹಾಕೋಣ. ಏಳರ ಪರಿಮಾಣದ ಒಂದು ಭೂಕಂಪದ ಶಕ್ತಿಯನ್ನು ಮೂರರ ಪರಿಮಾಣದ ಸಣ್ಣ ಕಂಪನಗಳಿಂದಲೇ ತೀರಿಸಬೇಕಾದರೆ ಅವು ಹತ್ತು ಲಕ್ಷ ಬೇಕು. ದಿನಕ್ಕೊಂದರಂತೆ ಬಂದರೂ 2,700 ವರ್ಷಕ್ಕೂ ಮೇಲೆ ಹಿಡಿಯುತ್ತದೆ. ಆದರೆ ಅಷ್ಟು ಬರುವುದಿಲ್ಲ. ಪರಿಮಾಣ ಒಂದು ಅಂಕಿ ಇಳಿದಂತೆ ಕಂಪನಗಳ ಸಂಖ್ಯೆ ಸರಿಸುಮಾರು ಹತ್ತು ಪಟ್ಟು ಹೆಚ್ಚುತ್ತದೆ ಎಂಬುದು ಪ್ರಪಂಚದ ಎಲ್ಲ ಕಡೆಯ ಅನುಭವ. ಅಂದರೆ ಏಳರ ಒಂದಕ್ಕೆ ಆರರವು ಹತ್ತು, ಐದರವು ನೂರು, ನಾಲ್ಕರವು ಸಾವಿರ, ಮೂರರವು ಹತ್ತು ಸಾವಿರ. ಬೇಕಾದದ್ದು ಹತ್ತು ಲಕ್ಷ, ಬರುವುದು ಹತ್ತು ಸಾವಿರ. ಸಂಘದಲ್ಲಿ ನೂರು ರೂಪಾಯಿ ಸಾಲ ಮಾಡಿದವನು ಒಂದು ರೂಪಾಯಿ ಕಟ್ಟಿ ಬಾಕಿ ತೀರಿತೆಂದು ಹೇಳಿದರೆ ನಾವು ಒಪ್ಪುತ್ತೇವೆಯೇ? ಭೂಮಿಯ ಲೆಕ್ಕಪುಸ್ತಕವೂ ಒಪ್ಪುವುದಿಲ್ಲ.

ಇನ್ನೊಂದು ಬಗೆಯಲ್ಲಿ ನೋಡಿದರೂ ಉತ್ತರ ಇದೇ. ಮೂರರ ಕಂಪನದಲ್ಲಿ ಜಾರುವ ಸ್ತರಭಂಗದ ತುಂಡು ಕೆಲವು ನೂರು ಮೀಟರು ಅಗಲದ್ದು. ಅಂದರೆ ಒಂದು ಸಾಧಾರಣ ತೋಟದಷ್ಟು. ಜಾರುವುದು ಹೆಚ್ಚೆಂದರೆ ಒಂದು ಸೆಂಟಿಮೀಟರಿನ ಆಸುಪಾಸು. 2015ರ ಏಪ್ರಿಲ್ 25ರಂದು ನೇಪಾಳದ ಗೋರ್ಖಾದಲ್ಲಿ 7.8 ಪರಿಮಾಣದ ಭೂಕಂಪವಾದಾಗ ಸುಮಾರು 150 ಕಿಲೋಮೀಟರು ಉದ್ದದ ಭಾಗ ಮೀಟರುಗಟ್ಟಲೆ ಜಾರಿತು. ತೋಟದ ಒಂದು ಮೂಲೆಯಲ್ಲಿ ನಾಲ್ಕು ಬುಡ ಕಸಿ ಮಾಡಿದರೆ ಇಡೀ ತಾಲೂಕಿನ ಕೆಲಸ ಮುಗಿದಂತಾಗುವುದಿಲ್ಲ.

ಗಢವಾಲವೇ ಇದಕ್ಕೆ ಸಾಕ್ಷಿ. 1803ರ ಸೆಪ್ಟೆಂಬರ್ 1ರಂದು ಅಲ್ಲಿ ಬಹಳ ದೊಡ್ಡ ಭೂಕಂಪವಾಗಿತ್ತು. ಅದರ ಪಶ್ಚಿಮಕ್ಕೆ 1905ರಲ್ಲಿ ಕಾಂಗ್ಡಾ, ಪೂರ್ವಕ್ಕೆ 1934ರಲ್ಲಿ ಬಿಹಾರ–ನೇಪಾಳದ ಭೂಕಂಪಗಳಾದವು. ನಡುವಿನ ಭಾಗದಲ್ಲಿ ಎರಡು ಶತಮಾನಕ್ಕೂ ಹೆಚ್ಚು ಕಾಲದಿಂದ ಅಷ್ಟು ದೊಡ್ಡದು ಆಗಿಲ್ಲ. ಸಣ್ಣವು ಮಾತ್ರ ಲೆಕ್ಕವಿಲ್ಲದಷ್ಟು ಆಗಿವೆ. ಅಷ್ಟೇಕೆ, 1991ರ ಅಕ್ಟೋಬರ್ 20ರಂದು ಉತ್ತರಕಾಶಿಯಲ್ಲಿ 6.8ರಷ್ಟು ದೊಡ್ಡದೇ ಬಂದು ಸುಮಾರು 770 ಜನರನ್ನು ಬಲಿ ತೆಗೆದುಕೊಂಡಿತು; 1999ರ ಮಾರ್ಚಿಯಲ್ಲಿ ಚಮೋಲಿಯಲ್ಲಿ ಮತ್ತೊಂದು. ಇಷ್ಟಾದರೂ ಭೂವಿಜ್ಞಾನಿಗಳು ಬಾಕಿ ತೀರಿತೆಂದು ಹೇಳುತ್ತಿಲ್ಲ. ವರ್ಷಕ್ಕೆ ಎರಡು ಸೆಂಟಿಮೀಟರಿನಂತೆ ಇನ್ನೂರು ಚಿಲ್ಲರೆ ವರ್ಷಕ್ಕೆ ನಾಲ್ಕು ಮೀಟರು ಕೂಡುತ್ತದೆಂಬುದೇ ಅವರ ಚಿಂತೆ. ಆದ್ದರಿಂದ “ಒತ್ತಡ ಇಳಿಯಿತು” ಎಂಬ ಮಾತನ್ನು ನಾವು ಇನ್ನು ಬಿಟ್ಟುಬಿಡಬೇಕು.

ದೊಡ್ಡದರ ಮುನ್ಸೂಚನೆಯೇ?

ಹಾಗಾದರೆ ಎರಡನೆಯ ಮಾತು ನಿಜವೇ? ದೊಡ್ಡ ಭೂಕಂಪಗಳಿಗೆ ಮುಂಚೆ ಕೆಲವೊಮ್ಮೆ ಸಣ್ಣವು ಬಂದದ್ದುಂಟು. ಆದರೆ ಸಣ್ಣವುಗಳಲ್ಲಿ ಬಹುಪಾಲು ಯಾವ ದೊಡ್ಡದನ್ನೂ ಕರೆದು ತರುವುದಿಲ್ಲ. ಪ್ರಪಂಚದಲ್ಲಿ ಮೂರರಿಂದ ನಾಲ್ಕರ ನಡುವಿನವೇ ವರ್ಷಕ್ಕೆ ಲಕ್ಷಕ್ಕೂ ಮಿಕ್ಕಿ ಆಗುತ್ತವೆ. ಏಳನ್ನು ದಾಟುವವು ಹದಿನೈದರ ಆಸುಪಾಸು. ಬಹಳ ಕಾಲದ ಒಳ್ಳೆಯ ದಾಖಲೆ ಇರುವ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಒಂದು ಕಂಪನದ ನಂತರ ವಾರದೊಳಗೆ ಹತ್ತಿರದಲ್ಲೇ ಅದಕ್ಕಿಂತ ದೊಡ್ಡದು ಬರುವ ಸಂಭವ ನೂರಕ್ಕೆ ಐದರಷ್ಟು ಎಂದು ಕಂಡುಬಂದಿದೆ. ಆ ದೊಡ್ಡದೂ ಸಾಮಾನ್ಯವಾಗಿ ತುಸುವೇ ದೊಡ್ಡದು. ಮೊದಲ ಒಂದೆರಡು ದಿನ ಕಳೆದರೆ ಈ ಸಂಭವವೂ ಬೇಗ ಇಳಿಯುತ್ತದೆ.

ನಮ್ಮ ಪರ್ಯಾಯದ್ವೀಪದಲ್ಲಿ ಮೂರು ಉದಾಹರಣೆಗಳಿವೆ. ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ಮಹಾರಾಷ್ಟ್ರದ ಕಿಲ್ಲಾರಿಯ ಸುತ್ತ 1992ರ ಉತ್ತರಾರ್ಧದಲ್ಲಿ ಸಣ್ಣ ಕಂಪನಗಳ ಸರಣಿಯೇ ಬಂತು. ಅಕ್ಟೋಬರಿನಲ್ಲಿ ನಾಲ್ಕನ್ನು ದಾಟಿದ್ದೂ ಒಂದಿತ್ತು. ಆಮೇಲೆ ನೆಲ ಸುಮ್ಮನಾಯಿತು. ಸುಮಾರು ಒಂದು ವರ್ಷದ ನಂತರ, 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, 6.2ರ ಭೂಕಂಪ ಬಂದು ಏಳೂವರೆ ಸಾವಿರಕ್ಕೂ ಹೆಚ್ಚು ಜನ ಮಡಿದರು.

ಅದೇ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ 2018ರ ನವೆಂಬರಿನಿಂದ ಸಾವಿರಾರು ಸಣ್ಣ ಕಂಪನಗಳಾದವು. ನಾಲ್ಕರ ಆಸುಪಾಸಿನವೇ ಅವುಗಳಲ್ಲಿ ದೊಡ್ಡವು. ಕಿಲ್ಲಾರಿಯಂತಹ ದುರಂತ ಅಲ್ಲಿ ನಡೆಯಲಿಲ್ಲ.

ಮೂರನೆಯದು ನಮ್ಮದೇ ಪಶ್ಚಿಮ ಘಟ್ಟದ ಕೊಯ್ನಾ. 1962ರಲ್ಲಿ ಅಲ್ಲಿನ ಜಲಾಶಯದಲ್ಲಿ ನೀರು ನಿಲ್ಲತೊಡಗಿದ ಮೇಲೆ ಸಣ್ಣ ನಡುಕಗಳು ಶುರುವಾದವು. 1967ರ ಡಿಸೆಂಬರ್ 11ರಂದು 6.3ರ ಭೂಕಂಪವಾಗಿ ಸುಮಾರು 180 ಜನ ಸತ್ತರು. ಅಂದಿನಿಂದ ಐದನ್ನು ಮೀರಿದವು ಇಪ್ಪತ್ತಕ್ಕೂ ಹೆಚ್ಚು ಬಂದಿದ್ದರೂ 1967ರದ್ದನ್ನು ಮೀರಿದ್ದು ಬಂದಿಲ್ಲ. ಮಳೆಗಾಲದಲ್ಲಿ ಜಲಾಶಯ ತುಂಬುವುದಕ್ಕೂ ಇಳಿಯುವುದಕ್ಕೂ ಅಲ್ಲಿನ ಕಂಪನಗಳಿಗೂ ಸಂಬಂಧವಿದೆಯೆಂದು ವಿಜ್ಞಾನಿಗಳು ತೋರಿಸಿದ್ದಾರೆ. ನೀರು ಬಂಡೆಯ ಬಿರುಕಿಗೆ ಇಳಿದು, ಮೊದಲೇ ಒತ್ತಡದಲ್ಲಿರುವ ಜಾಗದ ಹಿಡಿತವನ್ನು ಸಡಿಲಿಸುತ್ತದೆ. ಚೀಲದ ಅಡಿಗೆ ನೀರು ಚೆಲ್ಲಿದರೆ ಬೇಗ ಜಾರುವಂತೆ ಇದು. ಆದರೆ ಟ್ಯೂಬನ್ನು ಎಳೆದದ್ದು ನೀರಲ್ಲ.

ಮೊದಮೊದಲು ಮೂರು ಕಡೆಯೂ ಕಂಡದ್ದು ಒಂದೇ: ಸಣ್ಣ ನಡುಕ. ಮುಂದೆ ಆದದ್ದು ಮೂರು ಬಗೆ. ನಡುಕ ಬಂದ ದಿನ ಅದನ್ನು ನೋಡಿ ಇದು ಕಿಲ್ಲಾರಿಯೋ ಪಾಲ್ಘರೋ ಎಂದು ಹೇಳಬಲ್ಲ ವಿದ್ಯೆ ಇನ್ನೂ ಯಾರ ಕೈಯಲ್ಲೂ ಇಲ್ಲ. ಇಂಥ ದಿನ, ಇಂಥ ಹೊತ್ತು ಭೂಕಂಪವಾಗುತ್ತದೆಂದು ಯಾರಾದರೂ ಮೊಬೈಲಿನಲ್ಲಿ ಸುದ್ದಿ ಹರಡಿದರೆ ಅದು ಸುಳ್ಳೆಂದು ನಿಸ್ಸಂಶಯವಾಗಿ ತಿಳಿಯಿರಿ.

ನಮ್ಮ ಘಟ್ಟಕ್ಕೂ ಹಿಮಾಲಯಕ್ಕೂ ಇರುವ ವ್ಯತ್ಯಾಸವನ್ನೂ ಮರೆಯಬಾರದು. ಹಿಮಾಲಯ ಫಲಕದ ಅಂಚು. ನಾವು ಫಲಕದ ಒಳಭಾಗ. ಉತ್ತರದ ಒತ್ತಡದ ಒಂದು ಪಾಲು ಇಲ್ಲಿಗೂ ಮುಟ್ಟಿ ಹಳೆಯ ಬಿರುಕುಗಳನ್ನು ಆಗಾಗ ಅಲುಗಿಸುತ್ತದೆ. ಆದರೆ ಇಲ್ಲಿ ಬಾಕಿ ಕೂಡುವ ವೇಗ ಬಹಳ ನಿಧಾನ. 2002ರ ಭೂಕಂಪ ವಲಯ ನಕ್ಷೆಯಲ್ಲಿ ಗಢವಾಲ 4 ಮತ್ತು 5ನೇ ವಲಯಗಳಲ್ಲಿದ್ದರೆ ಕರ್ನಾಟಕ 2 ಮತ್ತು 3ನೇ ವಲಯಗಳಲ್ಲಿತ್ತು. ಭಯ ಕಡಿಮೆ ಇರಲು ಇದು ಸಾಕು, ಉದಾಸೀನಕ್ಕೆ ಸಾಲದು. ಕಿಲ್ಲಾರಿಯನ್ನೂ 1993ರ ಮೊದಲಿನ ನಕ್ಷೆ ಅತ್ಯಂತ ಸುರಕ್ಷಿತ ವಲಯದಲ್ಲಿಯೇ ತೋರಿಸಿತ್ತು.

ಗುಡ್ಡ ಜರಿಯುವುದು ಯಾವುದರಿಂದ?

ಮೂರನೆಯ ಮಾತು ನಮಗೆ ಅತಿ ಹತ್ತಿರದ್ದು. 2018ರ ಜುಲೈಯಲ್ಲಿ ಕೊಡಗಿನ ಹಲವು ಕಡೆ ನೆಲ ಸಣ್ಣಗೆ ನಡುಗಿತ್ತು. ಆಗಸ್ಟ್ ನಡುವಿನಲ್ಲಿ ಮಡಿಕೇರಿ ಸುತ್ತಲಿನ ಗುಡ್ಡಗಳು ಸಾಲಾಗಿ ಜರಿದು ತೋಟ, ಮನೆ, ಜನ ಎಲ್ಲವನ್ನೂ ಹೊತ್ತೊಯ್ದವು. ಒಂದರ ಹಿಂದೆ ಒಂದು ಬಂದದ್ದರಿಂದ ಒಂದರಿಂದ ಇನ್ನೊಂದಾಯಿತೆಂದು ಜನ ತೀರ್ಮಾನಿಸಿದರು. ಆದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಸ್ಥಳ ನೋಡಿ ಕೊಟ್ಟ ಅಭಿಪ್ರಾಯ ಬೇರೆ: ಬಿಡದೆ ಸುರಿದ ಭಾರಿ ಮಳೆ, ಮತ್ತು ರಸ್ತೆಗೆ, ಮನೆಗೆ, ಕಟ್ಟಡಕ್ಕೆಂದು ಇಳಿಜಾರನ್ನು ಕಡಿದು ಬದಲಾಯಿಸಿದ್ದು.

ಬೇರೆ ದೇಶಗಳ ದಾಖಲೆಗಳೂ ಇದಕ್ಕೆ ಹೊಂದುತ್ತವೆ. ಪರಿಮಾಣ ನಾಲ್ಕಕ್ಕಿಂತ ಕಡಿಮೆಯ ಕಂಪನದಿಂದ ಗುಡ್ಡ ಜರಿಯುವುದು ತೀರ ಅಪರೂಪ. ದೊಡ್ಡ ಭೂಕಂಪದ ಮಾತು ಬೇರೆ. 2005ರಲ್ಲಿ ಕಾಶ್ಮೀರದಲ್ಲಿ, 2015ರಲ್ಲಿ ನೇಪಾಳದಲ್ಲಿ ಸಾವಿರಾರು ಕಡೆ ಬೆಟ್ಟದ ಮಗ್ಗುಲು ಕಳಚಿ ಬಿದ್ದಿತು. ಮೂರರ ನಡುಕ ಹೆಚ್ಚೆಂದರೆ, ನಾಳೆ ಬೀಳುವುದಕ್ಕೆ ತಯಾರಾಗಿ ನಿಂತ ಒಂದು ಕಲ್ಲನ್ನು ಇಂದು ಬೀಳಿಸೀತು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಭೂಕಂಪ ನಮ್ಮ ಕೈಯಲ್ಲಿಲ್ಲ, ಬರೆ ನಮ್ಮ ಕೈಯಲ್ಲಿದೆ. ಮನೆಯ ಹಿಂದೆ ನೆಟ್ಟಗೆ ಇಪ್ಪತ್ತಡಿ ಕಡಿದು, ಮೇಲಿನ ಚರಂಡಿಯ ನೀರನ್ನು ಅದರ ತಲೆಯ ಮೇಲೆಯೇ ಬಿಟ್ಟು, ಜರಿದಾಗ ಭೂಕಂಪದ ಮೇಲೆ ಹೊಣೆ ಹೊರಿಸಿದರೆ ಮುಂದಿನ ಮಳೆಗಾಲಕ್ಕೂ ಅದೇ ಬರೆ ಅಲ್ಲಿಯೇ ಇರುತ್ತದೆ.

ಇನ್ನೂ ಒಂದು ಅಪಾಯವಿದೆ. ಗುಡ್ಡ ಜರಿಯುವಾಗಲೂ ಗುಡುಗುಡು ಸದ್ದು ಬರುತ್ತದೆ, ನೆಲ ಅದುರುತ್ತದೆ. 2024ರ ಜುಲೈ 30ರಂದು ವಯನಾಡಿನ ಮುಂಡಕೈ, ಚೂರಲ್‌ಮಲೆಯಲ್ಲಿ ಘೋರ ಭೂಕುಸಿತವಾಯಿತಷ್ಟೆ. ಕೆಲವು ದಿನಗಳ ಮೇಲೆ, ಆಗಸ್ಟ್ 9ರಂದು, ಅದೇ ಜಿಲ್ಲೆಯ ಕೆಲವು ಕಡೆ ನೆಲದಡಿಯಿಂದ ಸದ್ದು, ನಡುಕ ಎಂದು ಜನ ಹೇಳಿದರು. ಮಾಪಕಗಳಲ್ಲಿ ಭೂಕಂಪ ದಾಖಲಾಗಿರಲಿಲ್ಲ. ಸದ್ದೆಲ್ಲ ಭೂಕಂಪವಲ್ಲ ಎಂಬುದಕ್ಕೆ ಇದು ಉದಾಹರಣೆ.

ವ್ಯತ್ಯಾಸ ಸಾಧಾರಣವಾಗಿ ಹೀಗಿರುತ್ತದೆ. ಸಣ್ಣ ಭೂಕಂಪದ ಸದ್ದು ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಒಂದೇ ಗಳಿಗೆಯಲ್ಲಿ ಹಲವು ಊರುಗಳಿಗೆ ಕೇಳುತ್ತದೆ. ಗುಡ್ಡದ ಸದ್ದು ಒಂದು ದಿಕ್ಕಿನಿಂದ ಬರುತ್ತದೆ, ನಿಲ್ಲದೆ ಬೆಳೆಯುತ್ತದೆ. ಜೊತೆಗೆ ಮರಗಳು ವಾಲುವುದು, ಇಳಿಜಾರಿನ ಅಡ್ಡಕ್ಕೆ ನೆಲ ಬಿರಿಯುವುದು, ಹೊಸ ಜಾಗದಲ್ಲಿ ಒರತೆ ಒಡೆಯುವುದು, ತೋಡಿನ ನೀರು ಏಕಾಏಕಿ ಕೆಂಪಾಗುವುದು ಅಥವಾ ಮಳೆಯಿದ್ದರೂ ಕಡಿಮೆಯಾಗುವುದು ಕಾಣುತ್ತದೆ. ಹಲವು ದಿನ ಮಳೆ ಹೊಯ್ದಿರುವಾಗ ಇಂತಹ ಸದ್ದು ಕೇಳಿದರೆ ಯಾವುದೆಂದು ಚರ್ಚೆ ಮಾಡುತ್ತ ನಿಲ್ಲಬೇಡಿ. ಮೊದಲು ಬರೆಯ ಬುಡದಿಂದಲೂ ತೋಡಿನ ದಾರಿಯಿಂದಲೂ ಮಕ್ಕಳು ಮುದುಕರೊಡನೆ ಪಕ್ಕಕ್ಕೆ ಸರಿಯಿರಿ. ಭೂಕಂಪವೆಂದು ತಿಳಿದು ಅಂಗಳದಲ್ಲಿ ನಿಂತವನಿಗೆ ಗುಡ್ಡದಿಂದ ರಕ್ಷಣೆಯಿಲ್ಲ.

ಕೊಲ್ಲುವುದು ಗೋಡೆ

ಕಿಲ್ಲಾರಿಯ 6.2 ಪ್ರಪಂಚದ ಲೆಕ್ಕದಲ್ಲಿ ಮಧ್ಯಮ ತರಗತಿಯ ಭೂಕಂಪ. ಅಷ್ಟೊಂದು ಜನ ಸತ್ತದ್ದೇಕೆ? ಅಲ್ಲಿನ ಮನೆಗಳ ಗೋಡೆಗಳು ಎರಡು ಮೂರು ಅಡಿ ದಪ್ಪದ ಕಾಡುಕಲ್ಲಿನವು, ಕಟ್ಟಿದ್ದು ಬರೀ ಮಣ್ಣಿನಲ್ಲಿ. ಮೇಲೆ ಮರದ ತೊಲೆ, ಅದರ ಮೇಲೆ ದಪ್ಪನೆಯ ಮಣ್ಣಿನ ಮಾಳಿಗೆ. ಒಳಮುಖದ ಕಲ್ಲನ್ನೂ ಹೊರಮುಖದ ಕಲ್ಲನ್ನೂ ಜೋಡಿಸುವ ಉದ್ದಗಲ್ಲು ಇರಲಿಲ್ಲ. ಕುಲುಕಿದಾಗ ಗೋಡೆ ಎರಡು ಸೀಳಾಗಿ ಬಿಚ್ಚಿತು. ಮಲಗಿದ್ದವರ ಮೇಲೆ ಕಲ್ಲೂ ಮಣ್ಣೂ ಬಿತ್ತು. ಉತ್ತರಕಾಶಿಯಲ್ಲೂ ಹೆಚ್ಚಿನ ಸಾವು ಇಂತಹ ಕಲ್ಲುಮನೆಗಳಲ್ಲಿಯೇ ಆದದ್ದು.

ಆದರೆ ಅದೇ ಉತ್ತರಕಾಶಿ ಜಿಲ್ಲೆಯ ಯಮುನಾ ಕಣಿವೆಯಲ್ಲಿ ಕೋಟಿ ಬನಾಲ್ ಎಂಬ ಪದ್ಧತಿಯ, ಶತಮಾನಗಳಷ್ಟು ಹಳೆಯ ಬಹು ಅಂತಸ್ತಿನ ಮನೆಗಳು ನಿಂತಿವೆ. ಅವುಗಳಲ್ಲಿ ಕಲ್ಲಿನ ಸಾಲುಗಳ ನಡುವೆ ಉದ್ದಕ್ಕೂ ದಪ್ಪ ಮರದ ತೊಲೆಗಳನ್ನು ಹಾಕಿ ಮೂಲೆಗಳಲ್ಲಿ ಒಂದಕ್ಕೊಂದು ಕಚ್ಚಿಸಿದ್ದಾರೆ. ಹಿಮಾಚಲದ ಕಾಠ್ ಕುಣಿ, ಕಾಶ್ಮೀರದ ಧಜ್ಜಿ ದೀವಾರಿ ಪದ್ಧತಿಗಳ ಗುಟ್ಟೂ ಇದೇ. ಅಡಿಕೆ ಮೂಟೆಯನ್ನು ಹಗ್ಗದಿಂದ ಸುತ್ತ ಬಿಗಿದಂತೆ ಮನೆಯನ್ನು ಬಿಗಿಯುವುದು. ಕುಲುಕಿದರೂ ಗೋಡೆಗಳು ನಾಲ್ಕು ದಿಕ್ಕಿಗೆ ಬಿಚ್ಚಿಕೊಳ್ಳುವುದಿಲ್ಲ. ಮರ ಸಿಗದ ಇಂದಿನ ಕಾಲದಲ್ಲಿ ಅದೇ ಕೆಲಸವನ್ನು ಕಬ್ಬಿಣ ಹಾಕಿದ ಕಾಂಕ್ರೀಟಿನ ಪಟ್ಟಿ ಮಾಡುತ್ತದೆ.

ನಮ್ಮ ಮುರಕಲ್ಲಿನ ಮನೆಗಳಿಗೆ, ಹಳೆಯ ಮಣ್ಣಿನ ಗೋಡೆಯ ಲೈನ್ ಮನೆಗಳಿಗೆ ಈ ಪಾಠ ನೇರವಾಗಿ ಅನ್ವಯಿಸುತ್ತದೆ. ಸದಸ್ಯರು ಗಮನಿಸಬೇಕಾದ ಅಂಶಗಳನ್ನು ಕೆಳಗೆ ಕೊಟ್ಟಿದೆ.

1. ಹೊಸ ಮನೆ ಕಟ್ಟುವಾಗ ಅಡಿಪಾಯದ ಮಟ್ಟದಲ್ಲಿ, ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಮತ್ತು ಮಾಡಿನ ಕೆಳಗೆ ಕಾಂಕ್ರೀಟು ಪಟ್ಟಿ ಇಡೀ ಮನೆಯನ್ನು ಕಡಿಯದೆ ಸುತ್ತಬೇಕು. ಕಿಟಕಿಯ ಮೇಲೆ ಮಾತ್ರ ತುಂಡು ತುಂಡಾಗಿ ಹಾಕಿದರೆ ಪ್ರಯೋಜನವಿಲ್ಲ. ಇಕ್ಕಡೆಯ ಮುಕ್ಕೋನೆ ಗೋಡೆಯ ಓರೆ ಅಂಚಿಗೂ ಪಟ್ಟಿ ಬೇಕು. ಆಸರೆಯಿಲ್ಲದ ಆ ಗೋಡೆ ಮೊದಲು ಬೀಳುತ್ತದೆ.

2. ಕಲ್ಲಿನ ಗೋಡೆಯಾದರೆ ಎರಡೂ ಮುಖಗಳನ್ನು ಹಿಡಿಯುವ ಉದ್ದಗಲ್ಲುಗಳನ್ನು ಎತ್ತರದಲ್ಲಿ ಎರಡಡಿಗೊಂದು, ಅಡ್ಡಕ್ಕೆ ನಾಲ್ಕಡಿಗೊಂದರಂತೆ ಇಡಿಸಿ. ಬಾಗಿಲು ಕಿಟಕಿಗಳನ್ನು ಮೂಲೆಯಿಂದ ಎರಡಡಿಯಾದರೂ ದೂರವಿಡಿ.

3. ಹಳೆಯ ಮಣ್ಣಿನ ಅಥವಾ ಮುರಕಲ್ಲಿನ ಗೋಡೆಯ ಮೇಲೆ ಹೆಂಚು ತೆಗೆದು ತಾರಸಿ ಹಾಕುವ ಯೋಚನೆ ಇದ್ದರೆ ಎಂಜಿನಿಯರರನ್ನು ಕೇಳದೆ ಮುಂದುವರಿಯಬೇಡಿ. ಭಾರವಾದ ತಲೆ, ಬಲವಿಲ್ಲದ ಕಾಲು ಎಂಬಂತಾಗುತ್ತದೆ.

4. ನಡುಕದ ನಂತರ ಗೋಡೆಯ ಬಿರುಕುಗಳನ್ನು ನೋಡಿ. ಗಾರೆಯ ಮೇಲಿನ ಕೂದಲೆಳೆಯಂತಹ ಬಿರುಕು ಹೆದರುವಂತಹದಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೋಗುವ, ಬೆರಳ ತುದಿ ತೂರುವ ಬಿರುಕು ಅಥವಾ ಮೂಲೆಯಲ್ಲಿ ಎರಡು ಗೋಡೆ ಬಿಟ್ಟುಕೊಂಡದ್ದು ಕಂಡರೆ ಆ ಕೋಣೆಯಲ್ಲಿ ಮಲಗಬೇಡಿ. ಬಿರುಕಿನ ತುದಿಗೆ ಪೆನ್ಸಿಲಿನಿಂದ ಗುರುತು ಮಾಡಿ ತಾರೀಕು ಬರೆದಿಡಿ. ಬೆಳೆಯುತ್ತಿದೆಯೇ ಎಂಬುದು ಆಗ ತಿಳಿಯುತ್ತದೆ.

5. ಗೋದಾಮಿನಲ್ಲಿ ಚೀಲಗಳನ್ನು ಗೋಡೆಗೆ ಒರಗಿಸಿ ಮಾಡಿನವರೆಗೆ ಪೇರಿಸಬೇಡಿ. ಆಳುಗಳು ನಡೆಯುವ ದಾರಿಯ ಪಕ್ಕದಲ್ಲಂತೂ ಕೂಡದು. ಅಟ್ಟದ ಮೇಲಿನ ಭಾರದ ಸಾಮಾನುಗಳನ್ನು ಹಾಸಿಗೆಯ ನೇರಕ್ಕೆ ಇಡಬೇಡಿ. ಗ್ಯಾಸಿನ ಸಿಲಿಂಡರು, ಕಂಬದ ಮೇಲಿನ ನೀರಿನ ಟ್ಯಾಂಕು ಭದ್ರವಾಗಿರಲಿ.

6. ಕುಲುಕುವಾಗ ಗಟ್ಟಿ ಮನೆಯಲ್ಲಿದ್ದರೆ ಮೇಜು ಅಥವಾ ಮಂಚದ ಕೆಳಗೆ ಸೇರಿ ತಲೆ ಕಾಪಾಡಿಕೊಳ್ಳಿ. ಮಣ್ಣಿನ ಗೋಡೆಯ ಮನೆಯಲ್ಲಿ ಬಾಗಿಲ ಹತ್ತಿರವೇ ಇದ್ದರೆ ಬಯಲಿಗೆ ಹೋಗಿ. ಆದರೆ ಹೆಂಚು ಜಾರಿ ಬೀಳುವ ಸೂರಿನ ಕೆಳಗೆ, ಕಾಂಪೌಂಡು ಗೋಡೆಯ ಪಕ್ಕದಲ್ಲಿ, ವಿದ್ಯುತ್ ತಂತಿಯಡಿಯಲ್ಲಿ ನಿಲ್ಲಬಾರದು.

7. ನಡುಕದ ಗಂಟೆ, ಎಷ್ಟು ಸೆಕೆಂಡು ಇತ್ತು, ಸದ್ದು ಕೇಳಿತೇ, ಏನೇನು ಅಲುಗಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಗ್ರಾಮ ಪಂಚಾಯಿತಿಗೆ ತಿಳಿಸಿ. ಮಾಪಕಗಳ ಲೆಕ್ಕವನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹಾಗೂ ದೆಹಲಿಯ ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರಗಳು ಪ್ರಕಟಿಸುತ್ತವೆ. ಅಲ್ಲಿ ದಾಖಲಾಗದ ಸದ್ದು ಮಳೆಗಾಲದಲ್ಲಿ ನಿಮ್ಮ ಗುಡ್ಡದಿಂದ ಬಂದಿದ್ದರೆ ಅದನ್ನು ಇನ್ನೂ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಿ.

8. ಬರೆಯನ್ನು ನೆಟ್ಟಗೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ. ಅದರ ತಲೆಯ ಮೇಲೆ ಚರಂಡಿ ತೋಡಿ ನೀರನ್ನು ಪಕ್ಕಕ್ಕೆ ಒಯ್ಯಿರಿ. ಬರೆಯ ನೆತ್ತಿಯಲ್ಲಿ ಅಡ್ಡಬಿರುಕು ಕಂಡರೆ ಜೇಡಿಮಣ್ಣು ತುಂಬಿ ತುಳಿದು ಮುಚ್ಚಿ, ಆ ಮಳೆಗಾಲ ಮುಗಿಯುವವರೆಗೆ ಅದರ ಬುಡದ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ.

ಒಟ್ಟಿನಲ್ಲಿ, ಸಣ್ಣ ಭೂಕಂಪ ಬಾಕಿಯನ್ನು ತೀರಿಸುವುದೂ ಇಲ್ಲ, ದೊಡ್ಡದರ ತಾರೀಕನ್ನು ತಿಳಿಸುವುದೂ ಇಲ್ಲ. ನಮ್ಮ ಕಾಲಡಿಯ ಬಂಡೆಯೂ ಅಲುಗಬಲ್ಲದೆಂಬುದನ್ನು ಮಾತ್ರ ಅದು ತಿಳಿಸುತ್ತದೆ. ಆ ತಿಳುವಳಿಕೆಯನ್ನು ಗೋಡೆಯ ಕಡೆಗೂ ಬರೆಯ ಕಡೆಗೂ ತಿರುಗಿಸಿದರೆ ಅದರಿಂದ ಉಪಯೋಗವಾಯಿತು. ಇದರಲ್ಲಿ ನಮ್ಮ ಮನೆಗಿಂತ ಲೈನ್ ಮನೆ ಮೊದಲು ಬರಬೇಕು. ಅಲ್ಲಿ ಮಲಗುವವರಿಗೆ ಗೋಡೆಯನ್ನು ಆರಿಸಿಕೊಳ್ಳುವ ಅವಕಾಶ ಇರುವುದಿಲ್ಲ, ಆರಿಸಿ ಕೊಟ್ಟವರು ನಾವು. ಮುಂಗಾರಿಗೆ ಮುಂಚೆ, ಕಪಾತು ಮತ್ತು ಬೋರ್ಡೋ ಸಿಂಪಡಣೆಯ ಕೆಲಸಗಳ ನಡುವೆ, ಒಂದು ಅರ್ಧ ದಿನವನ್ನು ಇದಕ್ಕೆ ಎತ್ತಿಡಬೇಕಾಗಿ ಎಲ್ಲ ಸದಸ್ಯ ಬಂಧುಗಳಲ್ಲಿ ಕೋರಿಕೆ.